ಪಂಢರಪುರದ ಕಡೆಯ ಬಾಯಿ

ಇಂಡಿಯಿಂದ ಪಂಢರಪುರಕ್ಕೆ ಹೋಗಿಬರಲು ಕ್ರೂಸರ್ ಬಾಡಿಗೆ ಐದೂವರೆ ಸಾವಿರ. ಹನ್ನೊಂದು ಹೆಂಗಸರು ಒತ್ತಿಕೊಂಡು ಕೂತರೆ ತಲೆಗೆ ಐನೂರು. ರೊಟ್ಟಿ, ಶೇಂಗಾ ಚಟ್ನಿ ಮನೆಯಿಂದಲೇ ಕಟ್ಟಿಕೊಂಡರೆ ಮೇಲಿನ ಖರ್ಚು ಚಹಾದ್ದಷ್ಟೇ. ವಿಠ್ಠಲ ಗುಡಿಯ ಕಟ್ಟೆಯ ಮೇಲೆ ಕೂತು ರುಕ್ಮವ್ವ ಬೆರಳು ಮಡಚುತ್ತ ಈ ಲೆಕ್ಕ ಒಪ್ಪಿಸಿದಳು. ಭಜನಾ ಮಂಡಳಿಯ ಹೆಂಗಸರೆಲ್ಲ ಹೂಂ ಅಂದ ಮೇಲೆ, ಗುಡಿಯಲ್ಲಿ ಪ್ರವಚನ ಹೇಳುವ ಧೀರೇಂದ್ರ ಮಾಸ್ತರರ ಕಡೆ ತಿರುಗಿದಳು.

"ಗಾಡಿ ಮೋದಿನಸಾಬಂದು. ಪಂಢರಪುರದಿಂದ ಮುಂದ ಯಾವ ಊರಿಗೆ ಅಂತ ಕೇಳಾಕತ್ತಾನ. ನೀವು ಪ್ರವಚನದಾಗ ಹೇಳಿದ ಆ ಸಂತ ಬಾಯಿ ಸಮಾಧಿ ಇರೋ ಊರ ಹೆಸರೊಂದು ಹೇಳಿಬಿಡ್ರಿ ಮಾಸ್ತರ."

ಕಂಬಕ್ಕೆ ಒರಗಿದ್ದ ನಲಿನಿ ನೆಟ್ಟಗೆ ಕೂತಳು. ಆ ಬಾಯಿ ಯಾರೆಂಬುದು ಅಲ್ಲಿದ್ದವರಲ್ಲಿ ಆಕೆಗೂ ಮಾಸ್ತರರಿಗೂ ಮಾತ್ರ ಗೊತ್ತಿತ್ತು.

ನಲಿನಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಸೊಲ್ಲಾಪುರಕ್ಕೆ ತಂಗಿಯ ಮನೆಗೆ ಹೋದಾಗಲೆಲ್ಲ ಹಳೆ ಪುಸ್ತಕದ ಅಂಗಡಿ ಹೊಕ್ಕು, ಯಾವ ದೇಶದ ಸಾಧುಗಳದೇ ಆಗಲಿ, ಸಿಕ್ಕ ಪುಸ್ತಕ ಹೊತ್ತು ತರುವಳು. ಉಪ್ಪಿನಕಾಯಿ ಹಾಕಿದವಳಿಗೆ ನಾಲ್ಕು ಮನೆಗೆ ಹಂಚದಿದ್ದರೆ ಸಮಾಧಾನವಿಲ್ಲ. ಆಕೆಗೆ ಓದಿದ್ದೂ ಹಾಗೇ, ಆದರೆ ಮನೆಯಲ್ಲಿ ಯಾರಿಗೂ ಆ ಪುಸ್ತಕಗಳು ಬೇಕಿರಲಿಲ್ಲ. "ಇದನ್ನ ಓದ್ರಿ" ಎಂದರೆ ಓದಿಕೊಂಡು ಬಂದು, ಅಡಿಗೆಮನೆಯ ಬಾಗಿಲಲ್ಲೇ ನಿಂತು ಜಗಳವಾಡುವ ಮನುಷ್ಯ ಇಡೀ ಇಂಡಿಯಲ್ಲಿ ಮಾಸ್ತರರೊಬ್ಬರೇ. ಅವರಿಗೆ ಆಕೆ ಜೋಡಿಯಾಗಿ ಕೊಡುವಳು: ಒಂದು ಏಸುವಿನ ಭಕ್ತರದು, ಒಂದು ಪೂರ್ವದೇಶಗಳದು. ಎರಡನ್ನೂ ಕೂಡಿಸಿ ಓದಿದರೆ ಅವು ತಮ್ಮತಮ್ಮಲ್ಲೇ ಮಾತಾಡುತ್ತವೆ ಎಂಬುದು ಆಕೆಯ ನಂಬಿಕೆ.

ಹಾಗೆ ಕೊಟ್ಟ ಒಂದು ಜೋಡಿಯಲ್ಲಿ ಸೌದೆ ಒಡೆಯುವ ಜಪಾನಿನ ಭಿಕ್ಷುವಿದ್ದ. ಜೊತೆಗೆ ಚಳಿ ದೇಶದ ಮಠವೊಂದರ ಅಡಿಗೆಯ ಸನ್ಯಾಸಿನಿ ಇದ್ದಳು. ಪ್ರಾರ್ಥನೆ ಎಂದರೆ ಒಲೆಯ ಮೇಲಿನ ಹಾಲು ಕಾಯ್ದಂತೆ, ಮಾಡುವುದೇನಿಲ್ಲ, ಬಿಟ್ಟು ಏಳಬಾರದು ಅಷ್ಟೇ ಎಂದವಳು ಆಕೆ. ಮಾಸ್ತರರು ಪುಸ್ತಕಕ್ಕೆ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿಕೊಂಡು ಓದಿದರು. ಶ್ರಾವಣದ ಪ್ರವಚನದಲ್ಲಿ, "ಪಂಢರಪುರದ ಕಡೆ ಒಬ್ಬಾಕಿ ಬಾಯಿ ಇದ್ದಳು" ಎಂದು ಆ ಮಾತನ್ನು ಹೇಳಿದರು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಂದು ಗುಡಿಯಿಂದ ಹೊರಗೆ ಬಂದಾಗ ನಲಿನಿ ಕೇಳಿದ್ದಳು, "ಪಂಢರಪುರ ಎಲ್ಲಿಂದ ಬಂತರೀ ಮಾಸ್ತರ?"

"ನಮ್ಮ ಮಂದಿಗೆ ಆ ಹೆಸರು ಕೇಳಿದ್ರ ಕಿವಿ ನೆಟ್ಟಗಾಗ್ತಾವ ಅಕ್ಕೋರ. ಮಾತು ಮುಟ್ಟಿದ್ರ ಆತಲ್ಲ," ಎಂದು ಅವರು ನಕ್ಕಿದ್ದರು. ಆಕೆಯೂ ನಕ್ಕು ಬಿಟ್ಟಿದ್ದಳು.

ಈಗ ಮಾಸ್ತರರು ಶಲ್ಯ ಸರಿಪಡಿಸಿಕೊಂಡರು. ದೇವರ ಕಡೆ ನೋಡಿದರು, ಚಪ್ಪಲಿಗಳ ಕಡೆ ನೋಡಿದರು. ಕೊನೆಗೆ, "ಅದು ನಲಿನಿ ಅಕ್ಕೋರನ್ನ ಕೇಳ್ರಿ. ಪುಸ್ತಕ ಅವರದು. ಪಂಢರಪುರದ ಕಡೆಯಾಕಿ ಅಂತ ಅವರ ಹೇಳಿದ್ರು, ನಾ ನಂಬಿದೆ," ಎಂದರು.

ನಲಿನಿ ಅವರ ಮುಖವನ್ನೇ ನೋಡಿದಳು. ಈಗ ನಗುತ್ತಾರೆ, ಚಾಷ್ಟಿ ಮಾಡಿದೆ ಎನ್ನುತ್ತಾರೆ ಎಂದು ಕಾದಳು. ಅವರು ನಗಲಿಲ್ಲ.

"ಆಕಿ ಈ ಕಡೆಯಾಕಿ ಅಲ್ಲ ರುಕ್ಮವ್ವ," ಎಂದಳು. "ಸಮುದ್ರದ ಆಚೆಯಾಕಿ. ಕ್ರಿಶ್ಚನ್ ಸನ್ಯಾಸಿನಿ. ನಾ ಮಾಸ್ತರಿಗೆ ಹಂಗ ಹೇಳೇ ಕೊಟ್ಟಿದ್ದೆ. ಹೌದಲ್ರಿ ಮಾಸ್ತರ?"

"ಏನೋರೀ, ನನಗಂತೂ ನೆನಪಿಲ್ಲ."

ಸಂತರೇ ಸುಳ್ಳಾದರೆಂಬಂತೆ ಹೆಂಗಸರು ಗುಸುಗುಸು ಶುರುಮಾಡಿದರು. ರುಕ್ಮವ್ವ ಕೈಯೆತ್ತಿ ಸುಮ್ಮನಿರಿಸಿದಳು.

"ಕ್ರಿಶ್ಚನ್ ಆದ್ರ ಆಗಲಿ. ಹಾಲು ಉಕ್ಕೂದಕ್ಕ ಜಾತಿ ಐತೇನು? ಆದ್ರ ಸುಳ್ಳು ಯಾಕ ಹೇಳಿದ್ರಿ ಅಕ್ಕೋರ? ಇಲ್ಲದ ಸಮಾಧಿಗೆ ನಾವು ಉಡಿ ತುಂಬಾಕ ಖಣ ತಗೊಂಡು ಹೊಂಟಿದ್ವಿ. ಓದಿದಾಕಿ ನೀವು, ನಮ್ಮನ್ನ ಹುಚ್ಚಿ ಮಾಡಿದ್ರಿ."

ನಲಿನಿ ಚೀಲ ಎತ್ತಿಕೊಂಡು ಮನೆಗೆ ಬಂದಳು. ದಾರಿಯಲ್ಲಿ ಯಾರೂ ಜೊತೆ ಬರಲಿಲ್ಲ.

ವಾರದ ಮೇಲೆ ಮಾಸ್ತರರು ಏನೂ ಆಗಿಲ್ಲವೆಂಬಂತೆ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. "ನಾಲ್ಕು ಮಂದಿ ಮುಂದ ಏನೋ ಬಾಯಿಗೆ ಬಂತು. ಮನಸಿಗೆ ಹಚ್ಚಿಕೋಬ್ಯಾಡ್ರಿ. ನಾಡಿದ್ದಿನ ಪ್ರವಚನಕ್ಕ ಹೊಸಾದೇನರೆ ಅದ ಏನ್ರಿ?"

ಹೊಸದು ಇತ್ತು. ಆಕೆ ಅವರಿಗೆಂದೇ ಜೋಡಿಸಿಟ್ಟ ಎರಡು ಪುಸ್ತಕ ಕಪಾಟಿನಲ್ಲಿದ್ದವು. ನಲಿನಿ ಹಿಟ್ಟು ನಾದುತ್ತ, ತಲೆ ಎತ್ತದೆ, "ಏನೂ ಇಲ್ಲರೀ," ಎಂದಳು. ಅವರು ಬರಿಗೈಯಲ್ಲಿ ಹೋದರು.

ದೀಪಾವಳಿಗೆ ರುಕ್ಮವ್ವ ತಾನಾಗಿಯೇ ಬಂದು, "ಸಿಟ್ಟು ಬಿಡ್ರಿ, ಭಜನಿಗೆ ಬರ್ರಿ," ಎಂದು ಕರೆದೊಯ್ದಳು. ಮಾಸ್ತರರ ಪ್ರವಚನವೂ ನಡೆದೇ ಇತ್ತು. ಹಳೆಯ ಕತೆಗಳನ್ನೇ ತಿರುತಿರುಗಿ ಹೇಳುತ್ತಿದ್ದರು. ನಲಿನಿಗೆ ಗುಡಿಯಲ್ಲಿ ಕೂಡುವ ಜಾಗ ತಿರುಗಿ ಸಿಕ್ಕಿತು. ಇಂಥದ್ದೊಂದು ಪುಸ್ತಕ ಅದ, ಓದ್ರಿ ಎಂದು ಹೇಳಲು ಮಾತ್ರ ಇಂಡಿಯಲ್ಲಿ ಆಕೆಗೆ ಯಾರೂ ಉಳಿಯಲಿಲ್ಲ.