ಗ್ಯಾಸ್‌ಲೈಟಿನ ಬೀರ

ಟ್ಯೂಬ್‌ಲೈಟು ಹತ್ತಲೋ ಬೇಡವೋ ಎಂದು ಮಿಣುಕುತ್ತಿದೆ, ಸ್ಟಾರ್ಟರ್ ಹೋಗಿರಬೇಕು, ಬೆರಳಿನಿಂದ ಒಮ್ಮೆ ತಿರುವಿದರೆ ಸರಿ, ಆಯಿತು, ಹತ್ತಿತು — ಬಿಳಿ ಬೆಳಕು, ಬಿಸಿಯಿಲ್ಲ, ವಾಸನೆಯಿಲ್ಲ, ಗ್ಯಾಸ್‌ಲೈಟಾದರೆ ಉಸಿರಾಡುತ್ತಿತ್ತು, ಸುಂಯ್ ಎನ್ನುವ ಸದ್ದು ಕೇಳಿದರೇ ಕುಮಟೆಯ ಪೇಟೆಗೆಲ್ಲ ಗೊತ್ತಾಗುತ್ತಿತ್ತು, ಬೊಮ್ಮಯ್ಯ ನಾಯಕರ ಅಂಗಡಿಯಿಂದ ದೀಪ ಹೊರಟವು, ಎಲ್ಲೋ ಮದುವೆ ಎಂದು. ಅಪ್ಪನ ಕಾಲದಿಂದ ನಮ್ಮದು ಬಾಡಿಗೆ ದೀಪದ ಅಂಗಡಿ, ಹಿತ್ತಾಳೆ ಟಾಂಕಿಯ ಗ್ಯಾಸ್‌ಲೈಟುಗಳು ಈ ಗೋಡೆಗೆ ಸಾಲಾಗಿ ತೂಗುತ್ತಿದ್ದವು, ದಿಬ್ಬಣಕ್ಕೆ, ಬಯಲಾಟಕ್ಕೆ, ಹೆಣ ಎತ್ತುವುದು ಹೊತ್ತಾದರೆ ಅದಕ್ಕೂ, ಮತ್ತು ಅವನ್ನು ತಲೆಯ ಮೇಲೆ ಹೊತ್ತು ಮುಂದೆ ನಡೆಯುವುದಕ್ಕೆ ಕಾಗಾಲದಿಂದ ಬೀರ ಬರುತ್ತಿದ್ದ, ಗದ್ದೆ ಕೆಲಸ ಮುಗಿಸಿ, ಸೊಂಟದ ಕತ್ತಿ ತೆಗೆದು ಕಟ್ಟೆಯ ಮೇಲಿಟ್ಟು, ಊರಿನ ನಾಲ್ಕಾರು ಜನರನ್ನು ಸಂಗಡ ಕರೆದುಕೊಂಡು. ಹುಣಸೆಹಣ್ಣು ಹಾಕಿ ಟಾಂಕಿ ತಿಕ್ಕುವವನು ಅವನೇ, ಒಳಗೆ ಉರಿಯುವ ಬಲೆಬತ್ತಿ, ಆ ಮ್ಯಾಂಟಲ್ ಕಟ್ಟುವವನು ಅವನೇ, ತಿಕ್ಕಿದ ಮೇಲೆ ಟಾಂಕಿಯಲ್ಲಿ ತನ್ನ ಮುಖ ನೋಡಿಕೊಂಡು ನಗುತ್ತಿದ್ದ, ಒಡಿಯಾ, ಇದ್ರಲ್ಲಿ ನನ್ನ ಮೂಗು ನಿಮ್ ಹೊಟ್ಟಿಯಷ್ಟು ಕಾಣ್ತದೆ, ಎನ್ನುತ್ತಿದ್ದ, ನಾನೂ ನಗುತ್ತಿದ್ದೆ, ಈಗ ಆ ಗೋಡೆಯಲ್ಲಿ ಸ್ವಿಚ್ಚುಗಳ ಹಲಗೆ, ಬಣ್ಣದ ಮಿಣಿಮಿಣಿ ಬಲ್ಬಿನ ಸರ, ಭಟ್ಕಳದಿಂದ ತಂದ ಟೇಪ್‌ರೆಕಾರ್ಡರು, ಕೆಳಗೆ ಜನರೇಟರು, ಗುಮ್ಮನ ಹಾಗೆ ಕೂತಿದೆ.

ಜನರೇಟರು ಬಂದ ವರ್ಷವೇ ಬೀರ ಕೇಳಿದ್ದ, ನಾ ಎಂತ ಮಾಡೂದು ಒಡಿಯಾ? ಗಾಡಿ ದೂಡು ಎಂದೆ. ಒಂದು ಹಂಗಾಮು ದೂಡಿದ, ಆದರೆ ಒಂದು ಗಾಡಿಗೆ ಒಬ್ಬ ಸಾಕು, ಅದೂ ಯಂತ್ರ ಕೈಕೊಟ್ಟರೆ ಬಿಚ್ಚಿ ನೋಡಬಲ್ಲವನು ಬೇಕು, ಬೀರನಿಗೆ ಅದರ ಗದ್ದಲ ಕೇಳಿದರೆ ತಲೆ ತಿರುಗುತ್ತಿತ್ತು, ತಾನಾಗಿಯೇ ಬರುವುದು ಬಿಟ್ಟ, ಅವನ ಊರಿನವರು ಆಗಲೇ ಬಿಟ್ಟಿದ್ದರು. ಬೀರನ ಗೇಣಿಯ ಗದ್ದೆಗೆ ಅಘನಾಶಿನಿಯ ಉಪ್ಪುನೀರು ನುಗ್ಗಿತೆಂದು ಯಾರೋ ಹೇಳಿದ್ದರು, ಕೇಳಿಸಿಕೊಂಡಿದ್ದೆ, ಮದುವೆ ಹಂಗಾಮು, ಪುರುಸೊತ್ತಿರಲಿಲ್ಲ. ಹಳೆ ದೀಪಗಳು ಹಿಂದಿನ ಕೋಣೆಗೆ ಹೋದವು, ಮಾರಲು ಮನಸ್ಸು ಬರಲಿಲ್ಲ, ತಿಕ್ಕುವವರೂ ಇರಲಿಲ್ಲ, ಹಿತ್ತಾಳೆ ಹಸಿರುಗಟ್ಟಿತು.

ಕಳ್ಳತನ ಎಲ್ಲ ಕಾಲಕ್ಕೂ ಇತ್ತು, ಮೊದಲು ತೆಂಗಿನಕಾಯಿ ಹೋಗುತ್ತಿತ್ತು, ಕೋಳಿ ಹೋಗುತ್ತಿತ್ತು, ಕದ್ದವನು ಯಾರೆಂದು ಊರಿಗೆ ಗೊತ್ತಿರುತ್ತಿತ್ತು, ಬೈದು ಬಿಡುತ್ತಿದ್ದರು. ಕಂಬ ಹಾಕಲು ಬಂದ ಲೈನ್‌ಮನ್ ಹೇಳಿದ್ದ, ಬೆಳಕು ಬಂದ್ರೆ ಕಳ್ಳರು ಓಡ್ತಾರೆ ನೋಡಿ — ಎಲ್ಲಿ ಓಡಿದರು, ಈಗ ಕಂಬದ ತಂತಿಯೇ ಹೋಗುತ್ತದೆ, ಪಂಪ್‌ಸೆಟ್ಟಿನ ಮೋಟಾರು ಹೋಗುತ್ತದೆ, ಸೈಕಲ್ಲಿನ ಡೈನಮೋ ಹೋಗುತ್ತದೆ, ಹೊಸ ಸಾಮಾನು ಒಂದೊಂದು ಬಂದಾಗಲೂ ಅದನ್ನು ಕದಿಯುವವನೂ ಅದರ ಬೆನ್ನಿಗೇ ಬರುತ್ತಾನೆ, ನಾನೇ ಅಂಗಡಿಯಲ್ಲಿ ಕೂತು ಎಲ್ಲರಿಗೂ ಹೇಳುತ್ತಿದ್ದೆ, ಕೈ ಮುರೀಬೇಕು ಇವರದು, ಎಂದು. ಹಾಗಿರುವಾಗ ಒಂದು ಬೆಳಿಗ್ಗೆ ಹಿಂದಿನ ಕೋಣೆಯ ಚಿಲಕ ಕಿತ್ತಿದೆ, ಟೇಪ್‌ರೆಕಾರ್ಡರು ಇಲ್ಲೇ ಇದೆ, ಬಲ್ಬಿನ ಸರ ಇದೆ, ಹಳೆಯ ಗ್ಯಾಸ್‌ಲೈಟುಗಳಷ್ಟೇ ಇಲ್ಲ. ಆಗಲೇ ಹೊಳೆಯಬೇಕಿತ್ತೇನೋ, ಹೊಳೆಯಲಿಲ್ಲ, ಸೀದಾ ಠಾಣೆಗೆ ಹೋಗಿ ದೂರು ಕೊಟ್ಟೆ, ಅಂಗಡಿಯವನು ಇನ್ನೇನು ಮಾಡುತ್ತಾನೆ.

ಫೌಜದಾರರು ಕರೆಸಿದಾಗ ಮೇಜಿನ ಮೇಲೆ ಹಿತ್ತಾಳೆ ತಗಡಿನ ಮುದ್ದೆಗಳು ಬಿದ್ದಿದ್ದವು, ಗುಜರಿ ಅಂಗಡಿಯಲ್ಲಿ ಸಿಕ್ಕಿದವು, ಗುರುತು ಹೇಳಿ ಎಂದರು, ನನಗೆ ಗುರುತು ಸಿಗಲಿಲ್ಲ, ಕದ್ದವನು ಕಲ್ಲಿನಲ್ಲಿ ಜಜ್ಜಿ ಜಜ್ಜಿ ಚಪ್ಪಟೆ ಮಾಡಿದ್ದ, ಯಾರೂ ಗುರುತು ಹಿಡಿಯಬಾರದೆಂದು, ಆಮೇಲೆ ಒಂದು ತುಂಡನ್ನು ತಿರುಗಿಸಿದೆ, ಪಂಪಿನ ಬಾಯಿ, ಅದರ ಸುತ್ತ ಅಪ್ಪ ಕೊರೆಸಿದ ನಮ್ಮ ಮನೆಯ ಹೆಸರು ಅರ್ಧ ಉಳಿದಿತ್ತು, ತಲೆಯೆತ್ತಿ ನೋಡಿದರೆ ಮೂಲೆಯಲ್ಲಿ ಬೀರ ಕೂತಿದ್ದಾನೆ. ಅವನು ನನ್ನನ್ನು ನೋಡಲಿಲ್ಲ, ತಗಡನ್ನೇ ನೋಡುತ್ತಿದ್ದ. ನೀನೇ ಜಜ್ಜಿದ್ಯ ಬೀರ? — ಕದ್ದೆಯಾ ಎಂದು ಕೇಳಬೇಕಿತ್ತು, ಬಾಯಿಗೆ ಬಂದದ್ದು ಇದು. ಹೌದು ಒಡಿಯಾ, ಎಂದ, ಕಣ್ಣು ಮುಚ್ಕಂಡು ಜಜ್ಜಿದೆ. ಫೌಜದಾರರೇ, ನನ್ನ ಸಾಮಾನು ನನಗೆ ಬಂತು, ಬಿಟ್ಟುಬಿಡಿ, ಇವ ನಮ್ಮವ, ಎಂದು ಕೈ ಮುಗಿದೆ, ಅವರು ಕೆಟ್ಟವರಲ್ಲ, ನಿಧಾನವಾಗಿ ಹೇಳಿದರು, ನಾಯಕರೇ, ಬರೆದದ್ದು ಅಳಿಸಲಿಕ್ಕೆ ಬರುದಿಲ್ಲ. ಕೋರ್ಟಿನಲ್ಲೂ ಹೇಳಿ ನೋಡಿದೆ, ಅವನೇ ಒಪ್ಪಿಕೊಂಡ ಮೇಲೆ ನನ್ನ ಮಾತಿಗೆ ಬೆಲೆಯೇನು, ಸಜೆಯಾಯಿತು, ಕಾರವಾರದ ಜೈಲಿಗೆಂದು ಬಸ್ಸು ಹತ್ತಿಸಿದರು.

ಮರುದಿನ ಅವನ ಹೆಂಡತಿ ಸಣ್ಣಿ ಬಂದಳು, ಕೊರಳ ತುಂಬ ಮಣಿಸರ, ಕಟ್ಟೆಯ ಮೇಲೆ ಕೂರು ಎಂದರೆ ಕೂರಲಿಲ್ಲ, ಬೀರ ಹಿಂದೆಂದೋ ಮರೆತುಹೋದ ಕತ್ತಿ ನನ್ನಲ್ಲಿತ್ತು, ಅದನ್ನು ಕೇಳಲು ಬಂದಿದ್ದಳು. ಅಕ್ಕಿ ಕಟ್ಟಿಸಿ ಕೊಡುತ್ತೇನೆ ಎಂದೆ, ಕತ್ತಿಗೆ ಕೈ ಚಾಚಿದಳು. ಸಣ್ಣಿ, ನಾ ಅವ್ನ ಹೆಸರು ಬರೆಸಲಿಲ್ಲ, ಯಾರೋ ಕಳ್ಳ ಅಂತ ಅಷ್ಟೇ ಬರೆಸಿದ್ದು. ಅವಳು ಕತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು, ಅಷ್ಟೇ ಸಾಕಾತಲ್ಲ ಒಡಿಯಾ, ಎಂದಳು, ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಚೆನ್ನಾಗಿತ್ತು, ತಾರಿದೋಣಿ ತಪ್ಪುತ್ತದೆಂದು ಹೋಗಿಯೇಬಿಟ್ಟಳು, ಬೀರ ಕೇಳಿದ್ದರೆ ನಾನು ಒಂದು ದೀಪವನ್ನಲ್ಲ ಎಲ್ಲವನ್ನೂ ಕೊಡುತ್ತಿರಲಿಲ್ಲವೇ, ಕೊಡುತ್ತಿದ್ದೆ, ಆದರೆ ಕೇಳುವುದು ಹೇಗೆ, ಗಂಡಸು ಬಂದು ಒಡಿಯಾ ಹಸಿವು ಎನ್ನುವುದು ಹೇಗೆ — ಬಲ್ಬಿನ ಸೀರಿಯಲ್ ಸೆಟ್ಟು ಬೇಕೆಂದು ಯಾರೋ ಕೇಳುತ್ತಿದ್ದಾರೆ, ನಾಳೆ ಬನ್ನಿ, ನಾಳೆ —

ಸಜೆಯಾದ ದಿನ ಕೋರ್ಟಿಗೆ ಅವನನ್ನು ಈ ಪೇಟೆಯ ಮೇಲೆಯೇ ನಡೆಸಿಕೊಂಡು ಹೋದರು, ಹಿಂದೆ ಮುಂದೆ ಪೊಲೀಸರು, ನಾನು ಈ ಬಾಗಿಲಲ್ಲೇ ನಿಂತಿದ್ದೆ, ಎಷ್ಟು ಮದುವೆಗಳ ಮುಂದೆ ಅವನು ಈ ರಸ್ತೆಯಲ್ಲಿ ನಡೆದಿದ್ದ. ತಲೆ ತಗ್ಸು, ನಾಚಿಕೆ ಇಲ್ವ, ಎಂದ ಒಬ್ಬ ಪೊಲೀಸಿನವ, ಅವನು ತಗ್ಗಿಸಲಿಲ್ಲ, ಸೊಕ್ಕು ನೋಡು ಎಂದರು ಜನ, ಸೊಕ್ಕಲ್ಲ ಮಾರಾಯರೇ, ತಲೆ ಕೊಂಚ ವಾಲಿದರೆ ಮ್ಯಾಂಟಲ್ ಉದುರುತ್ತದೆ, ದಿಬ್ಬಣ ಕತ್ತಲಾಗುತ್ತದೆ, ಆ ಕುತ್ತಿಗೆ ಬಾಗುವುದನ್ನು ಎಂದೋ ಮರೆತಿದೆ ಎಂದು ಕೂಗಬೇಕೆನಿಸಿತು, ಅಷ್ಟರಲ್ಲಿ ರಸ್ತೆಯ ಹೊಂಡ ಬಂತು, ಅವನ ಮೊಣಕಾಲಷ್ಟೇ ಮಡಚಿಕೊಂಡಿತು, ತಲೆ ಅಲ್ಲಾಡಲಿಲ್ಲ, ಪಾದ ನೆಲವನ್ನು ಸವರಿಕೊಂಡು ಮುಂದೆ ಹೋಯಿತು, ಈಗಲೂ ಹೋಗುತ್ತಿದೆ, ಕಣ್ಣು ಮುಚ್ಚಿದರೂ ಹೋಗುತ್ತಿದೆ, ಉರಿಬಿಸಿಲು, ಕೈಯಲ್ಲಿ ಬೇಡಿ, ನೆಟ್ಟಗಿನ ಕುತ್ತಿಗೆ, ಅದರ ಮೇಲೆ ಏನೂ ಇಲ್ಲ, ನೆಟ್ಟಗಿನ ಕುತ್ತಿಗೆ, ಮೇಲೆ ಏನೂ —