ಗೋಡೆಯೊಳಗಿನ ಎಣಿಕೆ

"ಮನೇಲಿ ಇಲಿ ಇದೆಯೇನಮ್ಮಾ?" ಅಡುಗೆಮನೆಯ ನಡುವೆ ನಿಂತು ಕ್ಯಾಪ್ಟನ್ ಬರ್ರಿಯೊಸ್ ಕಿವಿಗೊಟ್ಟ.

"ಬೊಗೊಟಾದಲ್ಲಿ ಯಾರ ಮನೇಲಿಲ್ಲ ಹೇಳಿ, ಕ್ಯಾಪ್ಟನ್ರೇ," ಎಂದಳು ಮನೆಯೊಡತಿ ದೋನ್ಯಾ ಬೆನಿಲ್ಡಾ. ಒಲೆಯ ಮೇಲಿನ ತಾಮ್ರದ ಚೆಂಬಿನಲ್ಲಿ ಚಾಕೊಲೇಟನ್ನು ಕಡೆಗೋಲಿನಿಂದ ಇನ್ನಷ್ಟು ಜೋರಾಗಿ ಕಡೆದಳು.

ಉಗ್ರಾಣದ ಹಲಗೆಗೋಡೆಯ ಹಿಂದೆ ಮೊಣಕಾಲು ಮಡಚಿ ಕೂತಿದ್ದವನು ಅವಳ ಗಂಡ ಲಿಸಾಂದ್ರೊ. ನಾಡಿಗೆಲ್ಲ ಗೊತ್ತಿದ್ದ ಕವಿ, ಮೂರು ವಾರದ ಹಿಂದಿನವರೆಗೆ ಮಂತ್ರಿ. ಸೈನ್ಯ ಅಧಿಕಾರ ಹಿಡಿದ ಮೇಲೆ ಅವನಿಗೆ ಸಿಕ್ಕಿದಲ್ಲಿ ಗುಂಡಿಕ್ಕಬೇಕೆಂದು ಆಜ್ಞೆಯಾಗಿತ್ತು. ಆ ಇಕ್ಕಟ್ಟಿನಲ್ಲೂ ಅವನು ಇಟಲಿಯ ಒಂದು ಕಾವ್ಯವನ್ನು ಅನುವಾದಿಸುತ್ತಿದ್ದ. ಸಾಲಿಗೆ ಹನ್ನೊಂದು ಅಕ್ಷರ ಕೂಡುತ್ತವೆಯೇ ಎಂದು ಬೆರಳಿನಿಂದ ತಟ್ಟಿ ಎಣಿಸುವುದು ಇಪ್ಪತ್ತು ವರ್ಷದ ಚಾಳಿ. ಮಂತ್ರಿಗಳ ಸಭೆಯಲ್ಲೂ ಮೇಜು ತಟ್ಟುತ್ತಿದ್ದ. ಹೆದರಿದಾಗ ಇನ್ನೂ ಹೆಚ್ಚು. ತಟ್ಟುತ್ತಿರುವುದು ಅವನಿಗೇ ತಿಳಿಯುತ್ತಿರಲಿಲ್ಲ.

"ಇಷ್ಟು ಕಡೆದ್ರೆ ಬೆಣ್ಣೆ ಬಂದುಬಿಡುತ್ತೆ," ಎಂದ ಕ್ಯಾಪ್ಟನ್. "ಸ್ವಲ್ಪ ನಿಲ್ಲಿಸಿ."

"ತಳ ಹಿಡಿಯುತ್ತೆ."

"ಹಿಡೀಲಿ ಬಿಡಿ."

ಅವಳ ಕೈ ನಿಂತಿತು. ಹಲಗೆಯ ಹಿಂದಿನಿಂದ ಟಕ್, ಟಕ್, ಟಕ್. ಕ್ಯಾಪ್ಟನ್ನನ ತುಟಿ ಅಲ್ಲಾಡಿತು. ಅವನು ಎಣಿಸುತ್ತಿದ್ದ.

ಆ ತುಟಿ ನೋಡಿದಾಗ ಅವಳಿಗೆ ಗುರುತು ಸಿಕ್ಕಿತು. ಹತ್ತು ವರ್ಷದ ಹಿಂದೆ, ಇದೇ ಮನೆಯ ಗುರುವಾರದ ಕವಿಗೋಷ್ಠಿಗೆ ನೋಟುಪುಸ್ತಕ ಹಿಡಿದು ಬಂದಿದ್ದ ತೆಳ್ಳನೆಯ ವಿದ್ಯಾರ್ಥಿ. ಲಿಸಾಂದ್ರೊ ಅವನ ಸಾಲನ್ನು ಎಲ್ಲರೆದುರು ಓದಿ, ಮೇಜು ತಟ್ಟಿ ಎಣಿಸಿ, "ಹನ್ನೆರಡಪ್ಪಾ! ನಿನ್ನ ಕುದುರೆಗೆ ಐದು ಕಾಲು," ಅಂದಿದ್ದ. ಮನೆಯೆಲ್ಲ ನಕ್ಕಿತ್ತು. ಅವಳೂ ನಕ್ಕಿದ್ದಳು.

"ಉಗ್ರಾಣ ಒಂದು ಬಾಕಿ ಇದೆ ಸಾರ್, ನೋಡ್ಲಾ?" ಅಂಗಳದಿಂದ ಹವಾಲ್ದಾರ ಕೂಗಿದ.

ಕ್ಯಾಪ್ಟನ್ ಒಲೆಯ ಪಕ್ಕದ ಬಟ್ಟಲೊಂದನ್ನು ತಾನೇ ಎಳೆದುಕೊಂಡು ಅವಳ ಮುಂದೆ ಹಿಡಿದ. ಅವಳು ಬಗ್ಗಿಸಿದಳು, ಅರ್ಧ ಹೊರಗೆ ಚೆಲ್ಲಿತು. ನಿಂತೇ ಕುಡಿದು ಮೀಸೆ ಒರೆಸಿಕೊಂಡ.

"ಹನ್ನೆರಡು," ಎಂದ ಮೆಲ್ಲಗೆ. "ಮೂರು ಸಲವೂ ಹನ್ನೆರಡೇ ಬಂತು. ಅವರಿಗೂ ತಪ್ಪುತ್ತೆ ಅಂತ ನಾನು ಅಂದುಕೊಂಡಿರ್ಲಿಲ್ಲ."

ಅವಳು ಚೆಂಬಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಅವನು ಟೋಪಿ ಇಟ್ಟುಕೊಂಡ. "ಉಗ್ರಾಣ ನಾನೇ ನೋಡಿದೆ ಕಣಯ್ಯಾ. ಕುದುರೆ ಬಿಚ್ಚು," ಎಂದು ಹವಾಲ್ದಾರನಿಗೆ ಕೂಗಿ ಹೊರಟುಹೋದ.

ಗೊರಸಿನ ಸದ್ದು ಬೀದಿ ತಿರುವಿನಲ್ಲಿ ಅಡಗಿತು. ಗೋಡೆಯ ಹಿಂದೆಯೂ ಈಗ ಸದ್ದಿರಲಿಲ್ಲ. ಬೆನಿಲ್ಡಾ ಚೆಂಬಿನ ಹಿಡಿ ಬಿಡಲಾರದೆ ನಿಂತೇ ಇದ್ದಳು. ಚಾಕೊಲೇಟಿನ ಮೇಲೆ ನಿಧಾನವಾಗಿ ಕೆನೆ ಕಟ್ಟುತ್ತಿತ್ತು.