ಬಾಗಿಲ ಒಳಮೈಯ ವಿಭೂತಿ

ನೇರಳೆ ಬೆಳಕು ಹತ್ತಿಕೊಂಡಿತು, ಯಂತ್ರದ ಗಾಜಿನ ಕಿಂಡಿಯಲ್ಲಿ, ಬದನೆಹೂವಿನ ಬಣ್ಣ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಚೂರೇ ಚೂರು ಅನಿಲ ಬಿಟ್ಟು ಕರೆಂಟು ಕೊಟ್ಟರೆ ಹೀಗೆ ಹೊಳೆಯುತ್ತದೆ, ಹೊಳೆಯುತ್ತಲೇ ಚಿಪ್ಪು ಮಾಡುವ ಸಿಲಿಕಾನ್ ಬಿಲ್ಲೆಯ ಮೇಲೆ ಕೂದಲಿಗಿಂತ ಸಣ್ಣ ಗೆರೆ ಕೊರೆಯುತ್ತದೆ, ಏಳು ನಿಮಿಷ ನಾನು ಕದಲುವಂತಿಲ್ಲ, ಹೊರಗೆ ಕಚೇರಿಯಲ್ಲಿ ಜೈನಾಬ್ ತನ್ನ ಬಿಳಿ ಕೋಟು ಒಪ್ಪಿಸುತ್ತಿದ್ದಾಳೆ, ಕೆಲಸದಿಂದ ತೆಗೆದಿದ್ದಾರೆ, ಇವತ್ತೇ ಕೊನೆ, ಹನ್ನೊಂದರ ಬಸ್ಸಿಗೆ ಮಾಲೂರು ಬಿಟ್ಟು ಮುಳಬಾಗಿಲಿಗೆ ಹೋಗಿಬಿಡುತ್ತಾಳೆ — ಹೋಗಿ ಹೇಳೋ ಆವಲಪ್ಪ, ತಪ್ಪು ನಂದು ಅಂತ ಒಂದು ಮಾತು, ನಾಲಗೆ ಬಿದ್ದುಹೋಗಿದೆಯಾ. ಆಯುಧಪೂಜೆಗೆ ಮ್ಯಾನೇಜರು ಎಷ್ಟು ಸಲ ಹೇಳಿದ್ದರು, ಹೂವು ಕುಂಕುಮ ಏನಿದ್ದರೂ ಗೇಟಿನ ಹತ್ತಿರ, ಈ ಕೋಣೆಗೆ ಧೂಳಿನ ಕಣವೂ ಬರಕೂಡದು, ಆದರೆ ನೇಗಿಲಿಗೆ, ಪಂಪ್‌ಸೆಟ್ಟಿಗೆ, ಅಪ್ಪನ ಸೈಕಲ್ಲಿಗೂ ಪೂಜೆಯಾಗಿ ನನಗೆ ಅನ್ನ ಕೊಡುವ ಯಂತ್ರ ಮಾತ್ರ ಬರಿಹಣೆಯಲ್ಲಿ ಇರಬೇಕೆ, ಅಮ್ಮ ಕುರುಡುಮಲೆಯ ಗುಡಿಯಿಂದ ತಂದಿದ್ದ ವಿಭೂತಿ, ಯಂತ್ರದ ಬಾಗಿಲಿನ ಒಳಮೈಗೆ ಮೂರೇ ಬೆರಳು ಎಳೆದೆ, ಮಾರನೆಯ ದಿನ ಒರೆಸಿದೆ, ಹೋಯಿತು ಅಂದುಕೊಂಡೆ, ಹೋಗಿರಲಿಲ್ಲ, ಒಂದು ವಾರದ ಬಿಲ್ಲೆಗಳೆಲ್ಲ ಕೆಟ್ಟವು.

ಕ್ಷಾರ ಸೇರಿದೆ ಅಂತ ಪರೀಕ್ಷೆಯಲ್ಲಿ ಬಂತು, ಯಾರ ಮೈಮೇಲಿಂದ ಉದುರಿತು ಅಂತ ಹುಡುಕಿದರು, ಬಿಲ್ಲೆ ಜೋಡಿಸುವವಳು ಜೈನಾಬ್, ಸಾಬರ ಹುಡುಗಿ, ಕಣ್ಣಿಗೆ ಸುರ್ಮಾ ಹಚ್ಚಿರುತ್ತಾಳೆ ಅಂದರು, ಮುಗಿಯಿತು. ಸುರ್ಮಾದಲ್ಲಿ ಎಲ್ಲಿಯ ಕ್ಷಾರ, ಕ್ಷಾರ ಇರುವುದು ಬೂದಿಯಲ್ಲಿ, ಅದರಲ್ಲಿ ಪಾತ್ರೆ ತಿಕ್ಕಿದ ಯಾವ ಹೆಂಗಸನ್ನಾದರೂ ಕೇಳಬಹುದಿತ್ತು. ಈ ಕೆಲಸಕ್ಕೆಂದು ಮೂರು ವರ್ಷದಿಂದ ರಂಜಾನಿಗೂ ಹಚ್ಚಿರಲಿಲ್ಲ ಅವಳು, ಕಣ್ಣೆಲ್ಲ ಖಾಲಿ ಖಾಲಿ ಅಂತ ಅವರಮ್ಮ ಬೈಯುತ್ತಿದ್ದರಂತೆ, ನಗುತ್ತಾ ಹೇಳಿದ್ದಳು, ಮಾಸ್ಕಿನ ಮೇಲೆ ಎರಡೇ ಕಣ್ಣು ಕಾಣುತ್ತಿದ್ದವು, ನನಗೆ ಅಷ್ಟೇ ಸಾಕಾಗಿತ್ತು, ಅವಳೆಂದರೆ ನನಗೆ ಪ್ರಾಣ, ಅವಳಿಗೆ ಒಂದು ದಿನವೂ ಹೇಳಲಿಲ್ಲ. ಮ್ಯಾನೇಜರ ಮುಂದೆಯೇ ಸೋಪು ಹಾಕಿ ಕಣ್ಣು ತೊಳೆದಳು, ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಿದಳು, ಬಟ್ಟೆ ಬಿಳಿಯಾಗಿಯೇ ಇತ್ತು, ಇವತ್ತು ಹಚ್ಚಿಲ್ಲ ಅಷ್ಟೇ ಅಂದರು, ಆಗ ನನ್ನ ಕಡೆ ತಿರುಗಿದಳು, ಕೆಂಪಗೆ ಉರಿಯುವ ಆ ಕಣ್ಣು, ಆವಲಪ್ಪನವ್ರೇ, ಮೂರು ವರ್ಷದಿಂದ ಎದುರ್ಗೇ ಕೂತಿದ್ದೀರ, ನೀವಾದ್ರೂ ಹೇಳಿ, ನಾನ್ ಯಾವತ್ತಾದ್ರೂ ಹಚ್ಕೊಂಡಿದ್ನಾ — ನಾನು ಗಮನಿಸಿಲ್ಲ ಸಾರ್ ಅಂದೆ. ಗಮನಿಸಿಲ್ಲ. ಮೂರು ವರ್ಷ ಬೇರೇನನ್ನು ನೋಡಿದ್ದೆ ನಾನು. ಇನ್ನೆರಡು ನಿಮಿಷ, ಬೆಳಕು ಆರಲಿ, ಓಡಿದರೆ ಬಸ್ಸು ಸಿಕ್ಕೀತು, ಹೇಳಿದರೆ ಕೆಲಸ ಹೋಗುತ್ತದೆ, ಹೋಗಲಿ, ಬೆಳಕು ಆರಿತು, ಕೈ ಮುಂದಿನ ಬಿಲ್ಲೆ ಇಟ್ಟಿತು, ಗುಂಡಿ ಒತ್ತಿತು, ಮತ್ತೆ ಏಳು ನಿಮಿಷ, ಸೋಪಿಗೆ ಕೆಂಪಾದ ಎರಡು ಕಣ್ಣು, ನನ್ನನ್ನೇ ನೋಡುತ್ತಾ, ನಾನು ಹೇಳುತ್ತೇನೆಂದು ನಂಬಿ, ಎರಡು ಕಣ್ಣು